ಕಿಂಡಿಗಳಿಗೆ ತುರುಕಿದ ಗೋಣಿ

ಥಾರ್ನ್‌ಲಿ, ಸಫೋಕ್
೯ ಜುಲೈ ೧೮೭೪

ಪ್ರೀತಿಯ ರೂಬೆನಣ್ಣಾ,

ಕಾಲಿನ ಬೊಬ್ಬೆ ಒಣಗಿತೇ? ನಮ್ಮ ಕೂಲಿಯಾಳುಗಳ ಸಂಘದ ಮೆರವಣಿಗೆ ಯಾವ ಊರು ಮುಟ್ಟಿತು? ಅಲ್ಲಿಯವರು ಹೊಟ್ಟೆ ತುಂಬ ರೊಟ್ಟಿ ಕೊಡುತ್ತಿದ್ದಾರೆಯೇ? ಅಪ್ಪನ ಕೆಮ್ಮು ಹಾಗೇ ಇದೆ. ನಾಲಿಗೆಯೂ ಹಾಗೇ ಇದೆ.

ಸಂಘ ಬಿಡದವರಿಗೆ ಕೆಲಸವಿಲ್ಲವೆಂದು ನಮ್ಮನ್ನು ಹೊರದಬ್ಬಿದ ಧಣಿ ಗ್ರಿಮ್‌ವುಡ್, ಪೇಟೆಯಿಂದ ಆಳುಗಳನ್ನು ತಂದು ಹುಲ್ಲು ಕೊಯ್ಯಿಸಿದ. ಅದು ಒಣಗುವ ಮೊದಲೇ, ಅಪ್ಪ ಕಟ್ಟಿದ್ದ ಇಟ್ಟಿಗೆ ಕಣಜದಲ್ಲಿ ಸೂರಿನ ತನಕ ಒಟ್ಟಿಸಿದ. ಆ ಆಳುಗಳು ಮಲಗುವುದೂ ಅಲ್ಲೇ, ಹುಲ್ಲಿನ ಬುಡದಲ್ಲಿ. ನಾವು ನುಗ್ಗಿಯೇವೆಂದು ಕತ್ತಲಾದೊಡನೆ ಬಂಡಿಬಾಗಿಲಿಗೆ ಹೊರಗಿನಿಂದ ಬೀಗ. ಆ ಗೋಡೆಯಲ್ಲಿ ಅಪ್ಪ ನಡುನಡುವೆ ಇಟ್ಟಿಗೆ ಬಿಟ್ಟು ವಜ್ರದಾಕಾರದ ಕಿಂಡಿಗಳನ್ನು ಮಾಡಿದ್ದಾನಲ್ಲ. ಧಣಿಯ ಹುಲ್ಲಿಗೆ ಉಸಿರಾಡಲು ಅಷ್ಟು ಕಿಂಡಿ. ಕಟ್ಟಿದವನ ಗುಡಿಸಲಿಗೆ ಒಂದೇ ಕಿಟಕಿ, ಅದೂ ತೆರೆಯದು! ಪೇಟೆಯವರಿಗೆ ಇದೇನು ಗೊತ್ತು? ರಾತ್ರಿ ಗಾಳಿ ಹೊಡೆಯುತ್ತದೆಂದು ಎಲ್ಲ ಕಿಂಡಿಗೂ ಗೋಣಿ ತುರುಕಿದ್ದಾರೆ.

ನಿನ್ನೆಯಿಂದ ಅಲ್ಲಿ ಸುಟ್ಟ ಸಕ್ಕರೆಯ ವಾಸನೆ. ಇಟ್ಟಿಗೆ ಮುಟ್ಟಿದರೆ ಬಿಸಿ. ಹಸಿ ಹುಲ್ಲು ಒಳಗೊಳಗೇ ಬೇಯುತ್ತಿದೆ, ಇನ್ನು ಹೊತ್ತಿಕೊಳ್ಳುವುದೊಂದೇ ಬಾಕಿ. ಪಕ್ಕದ ಮನೆಯ ಟಾಬಿತಾ, "ಬೇಯ್ಲಿ ಬಿಡೇ, ಧಣಿ ಇಟ್ಟ ಅಡುಗೆ ಧಣೀನೇ ಉಣ್ಲಿ" ಎಂದು ನಕ್ಕಳು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಒಳಗೆ ಮಲಗುವವರ ನೆನಪಾಯಿತು. ಅಪ್ಪನನ್ನು ಕೇಳಿದರೆ, "ಕಿಂಡಿ ಬಿಟ್ಟೋನು ನಾನು. ಮುಚ್ಚಿದೋರನ್ನ ಕೇಳೋಗು" ಎಂದು ನನ್ನ ಮೇಲೇ ಹರಿಹಾಯ್ದ.

ನಮ್ಮ ರೊಟ್ಟಿ ಕಸಿದವರು ಅವರು. ಆದರೆ ಅವರ ಕಾಲಲ್ಲೂ ನೆಟ್ಟಗೆ ಬೂಟಿಲ್ಲ ಅಣ್ಣಾ. ಅವರಿಗೆ ಹೇಳಿದರೆ ನಾನು ಸಂಘದ್ರೋಹಿ. ಹೇಳದಿದ್ದರೆ ಏನು ನಾನು? ಇದನ್ನು ಯಾವ ಸಭೆಯಲ್ಲೂ ಯಾರೂ ಹೇಳಿಕೊಡಲಿಲ್ಲ. ಏನು ಮಾಡಲಿ, ಬೇಗ ಬರೆ.

ಜೊತೆಯ ಅಣ್ಣಂದಿರಿಗೆಲ್ಲ ನನ್ನ ನೆನಪು ಹೇಳು. ದೇವರು ನಿನ್ನ ಕಾಲು ಕಾಯಲಿ; ಧಣಿಯನ್ನು ನಾವು ನೋಡಿಕೊಳ್ಳುತ್ತೇವೆ.

ನಿನ್ನ ತಂಗಿ,
ಕೆಜಾಯಾ

ಮತ್ತೆ: ವಾಸನೆ ನಮ್ಮ ಓಣಿಗೇ ಬಂತು. ಬೀಗ ಹಾಕುವ ಹೊತ್ತಾಯಿತು. ನಿನ್ನ ಉತ್ತರ ಬರುವವರೆಗೆ ಹುಲ್ಲು ತಡೆಯುವುದಿಲ್ಲ, ಹೊರಟೆ. ಹುಲ್ಲು ಉರಿದರೆ ಉರಿಯಲಿ, ಆಳುಗಳು ಹೊರಬಂದರೆ ಸಾಕು. ಸರಿಯೋ ತಪ್ಪೋ ತಿಳಿಯದು. ಅಪ್ಪ ಮನೆಯಲ್ಲಿಲ್ಲ. ಬಂಡಿಬಾಗಿಲ ಕಡೆಯಿಂದ ಅವನದೇ ದನಿ: "ಹೊರಗೆ ಬರ್ರೋ ಹಾಳಾದೋರಾ! ನಿಮ್ಮನ್ನ ಸುಡೋಕೆ ಕಟ್ಟಿದ್ದಲ್ಲ ಇದು!"