ಹೆಲ್ಮೆಟ್ಟಿನೊಳಗಿನ ಕೌದಿ

ಔರಾದ
೨೦ ಮಾರ್ಚ್ ೨೦೨೫

ಚಿ. ಸೌ. ಪೂನಮಳಿಗೆ ನಿನ್ನ ಅತ್ತೆ ಗಿರಿಜಾಬಾಯಿಯ ಆಶೀರ್ವಾದ. ಗುಡಿಯಾಳ ಕೆನ್ನೆಗೆ ನನ್ನದೊಂದು ಮುತ್ತು ಕೊಡು.

ನೀನು ಮಗಳನ್ನು ಕರೆದುಕೊಂಡು ಭಾಲ್ಕಿಗೆ ಹೋಗಿ ಇಂದಿಗೆ ಹದಿನೇಳು ದಿನ. ಮೂರು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಎತ್ತದಿದ್ದುದೇ ಒಳ್ಳೆಯದಾಯಿತು. ಫೋನಿನಲ್ಲಿ ನನಗೆ ಬೈಯಲು ಮಾತ್ರ ಬರುತ್ತದೆ. ಮ್ಯಾಟ್ರಿಕ್ ಓದಿದವಳು, ನೆಟ್ಟಗೆ ನಾಲ್ಕು ಸಾಲು ಬರೆಯಬಲ್ಲೆ. ಈಗ ಬೆರಳು ಬೇಗ ಸೋಲುತ್ತವೆ. ಅಕ್ಷರ ಸೊಟ್ಟಗಾಗಿದ್ದರೆ ಹೊಂದಿಸಿಕೊಂಡು ಓದು.

ಮೊದಲು ಆಶೀಷನ ಸುದ್ದಿ. ಸೋಮವಾರ ಬೀದರಿಗೆ ಹೋಗಿ ಡಾಕ್ಟರಿಗೆ ತೋರಿಸಿಕೊಂಡು ಬಂದೆವು. ತಲೆಯೊಳಗಿನ ಪೆಟ್ಟು ಮಾಯುತ್ತಿದೆ, ಆದರೆ ಆಟ ಇಲ್ಲಿಗೆ ಮುಗಿಯಿತು, ಇನ್ನೊಂದು ಏಟು ಬಿದ್ದರೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ ಎಂದರು. ನಿನ್ನ ಗಂಡ "ಆಯ್ತ್ರಿ" ಅಂದ, ಅಷ್ಟೇ. ಬಸ್ಸಿನಲ್ಲಿ ಬರುವಾಗ ಹಾರ್ನ್ ಹೊಡೆದಾಗಲೆಲ್ಲ ಎರಡೂ ಕೈಯಿಂದ ಕಿವಿ ಮುಚ್ಚಿಕೊಳ್ಳುತ್ತಿದ್ದ. ಕುಕ್ಕರಿನ ಸೀಟಿಯೂ ಅವನಿಗೆ ತಡೆಯಲಾಗುವುದಿಲ್ಲ. ನಾನೀಗ ತೊಗರಿಬೇಳೆಯನ್ನು ಬೋಗುಣಿಯಲ್ಲೇ ಕುದಿಸುತ್ತೇನೆ. ಒಂದೂವರೆ ತಾಸು ಒಲೆಯ ಮುಂದೆ ನಿಲ್ಲಬೇಕು. ನಿಲ್ಲುತ್ತೇನೆ.

ಮದುವೆಯಾದ ಮೇಲಿನ ಆಶೀಷನಷ್ಟೇ ನಿನಗೆ ಗೊತ್ತು. ಅದಕ್ಕೂ ಹಿಂದಿನದನ್ನು ನಾನು ಹೇಳಿಲ್ಲ. ಗಡಿ ಪಡೆಗೆ ಸೇರಿದಾಗ ಅವನಿಗೆ ಇಪ್ಪತ್ತು ವರ್ಷ. ಬರ್ಫ ಎಂದರೆ ಔರಾದ ಬಸ್‌ಸ್ಟ್ಯಾಂಡಿನಲ್ಲಿ ಐಸ್‌ಗೋಲಾ ಮಾರುವವನ ಗಾಡಿಯಲ್ಲಿ ನೋಡಿದ್ದಷ್ಟೇ. ಲಡಾಖಿನಲ್ಲಿ ಅವನಿಗೆ ಅಲಗಿನ ಬೂಟು ತೊಡಿಸಿ ಹೆಪ್ಪುಗಟ್ಟಿದ ಕೆರೆಯ ಮೇಲೆ ನಿಲ್ಲಿಸಿದರಂತೆ. ಮೊದಲ ತಿಂಗಳು ನಿಂತದ್ದಕ್ಕಿಂತ ಬಿದ್ದದ್ದೇ ಹೆಚ್ಚು. ಆದರೆ ಒಮ್ಮೆ ನಿಲ್ಲಲು ಕಲಿತ ಮೇಲೆ ಯಾರು ಬಂದು ಡಿಕ್ಕಿ ಹೊಡೆದರೂ ಅಲುಗುತ್ತಿರಲಿಲ್ಲ. ಅದನ್ನು ನೋಡಿ ಅಲ್ಲಿ ಆಟ ಕಲಿಸುವ ಉಸ್ತಾದರು ಅವನನ್ನು ಗೋಲಿನ ಮುಂದೆ, ಎದುರಾಳಿಯನ್ನು ತಡೆಯುವ ಜಾಗದಲ್ಲಿ ನಿಲ್ಲಿಸಿದರು. ಹದಿನಾಲ್ಕು ವರ್ಷ ಅಲ್ಲಿಯೇ ನಿಂತ. ಐಸ್ ಹಾಕಿಯೇ ಅವನ ನೌಕರಿಯಾಯಿತು. ಚೆಂಡಿನ ಬದಲಿಗಿರುವ ಆ ರಬ್ಬರಿನ ಬಿಲ್ಲೆ ಬಂದೂಕಿನ ಗುಂಡಿನ ಹಾಗೆ ಬರುವಾಗ ಅವನ ಜಾಗದವನು ಪಕ್ಕಕ್ಕೆ ಸರಿಯುವಂತಿಲ್ಲ, ಅದಕ್ಕೆ ಅಡ್ಡ ಮಲಗಬೇಕು. ಮೂಗು ಮೂರು ಸಲ ಮುರಿಯಿತು, ಕೊರಳೆಲುಬು ಒಂದು ಸಲ. ಮುಂದಿನ ಎರಡು ಹಲ್ಲು ಹೋದವು. ಇಷ್ಟು ವರ್ಷದಲ್ಲಿ ಹೊಡೆದ ಗೋಲು ಎರಡೇ. ಜೊತೆಗಾರರು ಅವನನ್ನು ಹೆಸರು ಹಿಡಿದು ಕರೆಯುವುದಿಲ್ಲ, "ಕಿಲ್ಲಾ" ಎನ್ನುತ್ತಾರೆ. ಕೋಟೆಯ ಊರು ಬೀದರಿನವನಲ್ಲವೇ, ಅದಕ್ಕೆ.

ಅವನು ಹೀಗಾದದ್ದು ನನ್ನಿಂದ. ಎಂಟು ವರ್ಷದವನಿದ್ದಾಗ, ನಾವಿನ್ನೂ ಎಕಂಬಾದಲ್ಲಿದ್ದೆವು, ದೊಡ್ಡ ಹುಡುಗರ ಕೈಲಿ ಏಟು ತಿಂದು ಅಳುತ್ತಾ ಬಂದ. ಅದೇ ವರ್ಷ ನಿನ್ನ ಮಾವ ತೀರಿಕೊಂಡಿದ್ದರು. ನಾನು ಬಾಗಿಲು ತೆಗೆಯಲಿಲ್ಲ. "ಅಳೂದು ಮುಗದ ಮ್ಯಾಲ ಒಳಗ ಬಾ" ಅಂದೆ. ಆಮೇಲೆ ತೆಗೆದು ನೋಡಿದರೆ ಮುಖ ಒರೆಸಿಕೊಂಡು ಮೆಟ್ಟಿಲ ಮೇಲೆ ಕುಳಿತಿದ್ದ. ಅಂದಿನಿಂದ ಅವನು ಅತ್ತದ್ದನ್ನು ನಾನು ನೋಡಿಲ್ಲ. ಇದನ್ನು ಬೀಗರ ಮುಂದೆಲ್ಲ ಹೆಮ್ಮೆಯಿಂದ ಹೇಳಿದ್ದೇನೆ. ನಿನ್ನ ಅವ್ವನ ಮುಂದೆಯೂ ಹೇಳಿದ್ದೆ.

ಈಗ ಆ ಕಾಗದದ ವಿಷಯಕ್ಕೆ ಬರುತ್ತೇನೆ. ಜನವರಿಯ ಪಂದ್ಯದಲ್ಲಿ ಅವನು ಹಿಂದಕ್ಕೆ ಬಿದ್ದು ತಲೆಗೆ ಪೆಟ್ಟಾದಾಗ ಪಡೆಯವರು ವಿಚಾರಣೆ ಮಾಡಿದರು. ಹೆಲ್ಮೆಟ್ಟಿನಲ್ಲಿ ಇರಬೇಕಾದ ಫೋಮ್ ಇರಲಿಲ್ಲ, ಅದರ ಜಾಗದಲ್ಲಿ ಬಟ್ಟೆ ಇತ್ತು. "ನಾನೇ ಫೋಮ್ ಕಿತ್ತು ಒಲೆಗೆ ಹಾಕಿ ಬಟ್ಟೆ ತುಂಬಿದ್ದೆ" ಎಂದು ಅವನು ಬರೆದುಕೊಟ್ಟ. ಅದರ ಪ್ರತಿ ಟಪಾಲಿನಲ್ಲಿ ಬಂದಾಗ ಓದಿದವಳು ನೀನು. ಬ್ಯಾಗು ತುಂಬಿಕೊಂಡು ಬಾಗಿಲಲ್ಲಿ ನಿಂತು ಹೇಳಿದೆ: "ಅತ್ತಿ, ತನ್ನ ತಲಿ ಕಾಯ್ಕೊಳ್ಳಲಾರದವ್ರು ನಮ್ಮನ್ನೇನ್ ಕಾಯ್ತಾರ್ರಿ? ಹೆಂಡ್ತಿ ಮಗಳು ಅದಾರಂತ ನೆನಪರೆ ಇತ್ತೇನ್ರಿ ಇವ್ರಿಗೆ?" ಅವನು ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ನಾನು ಅವನಿಗೆ "ಹೋಗಾಕಿಗಿ ತಡಿಬ್ಯಾಡ" ಅಂದೆ. ಗುಡಿಯಾಳ ಚಪ್ಪಲಿಯನ್ನೂ ನಾನೇ ತಂದಿಟ್ಟೆ.

ಪೂನಮ, ಆ ಫೋಮ್ ಕಿತ್ತವಳು ನಾನು.

ದೀಪಾವಳಿ ರಜೆಗೆ ಬಂದಾಗ ಅವನು ಆಟದ ಚೀಲವನ್ನು ಅಂಗಳದಲ್ಲಿ ಇಟ್ಟಿದ್ದನಲ್ಲ. ಎಲ್ಲವನ್ನೂ ಒಗೆದು ಹಾಕಿದೆ. ಹೆಲ್ಮೆಟ್ ನೋಡಿದರೆ ಒಳಗಿನ ಫೋಮ್ ಹಳದಿಗಟ್ಟಿತ್ತು, ಬೆವರಿನ ನಾತ. ಮುಟ್ಟಿದರೆ ಬಿರುಸು. ಇಂಥದ್ದನ್ನು ನನ್ನ ಮಗ ತಲೆಗೆ ಇಟ್ಟುಕೊಳ್ಳಬೇಕೇ ಅನ್ನಿಸಿತು. ನೀವೆಲ್ಲ ಮಲಗಿದ ಮೇಲೆ ಚಾಕುವಿನಿಂದ ಬಿಡಿಸಿದೆ. ನಿನ್ನ ಮಾವನ ಧೋತರ ನಾಲ್ಕು ಪದರ, ಮೇಲೆ ನನ್ನ ಹಳೆಯ ಹಸಿರು ಸೀರೆ, ನಡುವೆ ಒಂದಿಷ್ಟು ಅರಳೆ ಇಟ್ಟು ಕೌದಿ ಹೊಲಿದ ಹಾಗೆ ಒತ್ತೊತ್ತಾಗಿ ಹೊಲಿದು ಒಳಗೆ ಕೂರಿಸಿದೆ. ಬೀದರ, ಭಾಲ್ಕಿ, ಔರಾದ ಎಲ್ಲ ಕಡೆ ನನ್ನ ಕೌದಿಗೆ ಹೆಸರಿದೆ. ನನ್ನ ಕೌದಿ ಹೊದ್ದವರಿಗೆ ಚಳಿಯಾಗಿಲ್ಲ, ನನ್ನ ಮಗನಿಗೆ ಆದೀತೇ ಎಂದುಕೊಂಡೆ. ಆ ಫೋಮ್ ಇಟ್ಟದ್ದು ಚಳಿಗೋ, ಏಟು ತಡೆಯಲಿಕ್ಕೋ ಎಂದು ಯಾರನ್ನೂ ಕೇಳಲಿಲ್ಲ. ಕೇಳುವ ಅಭ್ಯಾಸ ನನಗೆಲ್ಲಿದೆ?

ಬೆವರು ಕುಡಿದ ಅರಳೆ ಆ ಊರಿನ ಚಳಿಯಲ್ಲಿ ಕಲ್ಲಾಗುತ್ತದಂತೆ.

ಇದನ್ನು ಹೇಳಿದವನು ಮುಬಶ್ಶೀರ. ಅವರ ತಂಡದ ಬಸ್ಸು ಓಡಿಸುವವನು, ಬೀದರಿನವನೇ. ಮೊನ್ನೆ ರಜೆಗೆ ಬಂದವನು ನೋಡಲು ಬಂದಿದ್ದ. ಆಶೀಷ ಮಲಗಿದ್ದ. ಅಡುಗೆಮನೆಯಲ್ಲಿ ನನ್ನೆದುರು ಕುಳಿತು ಚಹಾ ಕುಡಿಯುತ್ತಾ ಹೇಳಿದ. "ಎಲ್ಲಾರೂ ನಗ್ತಿದ್ರು ಅಮ್ಮಾ, ಕಿಲ್ಲಾ ತಲ್ಯಾಗ ಹಾಸಿಗಿ ಹಾಸ್ಕೊಂಡು ಬಂದಾನ ಅಂತ. ಭಾಯಿ, ಇದು ತಗದು ಬ್ಯಾರೆ ಹೆಲ್ಮೆಟ್ ತಗೋ ಅಂತ ನಾನೂ ಹೇಳ್ದೆ. ಅವ್ವ ಹೊಲಿದಾಳ, ಈ ಒಂದು ಮ್ಯಾಚ್ ಆಡಿ ತಗೀತೀನಿ ಅಂದ." ವಿಚಾರಣೆಯಲ್ಲಿ ಸಾಹೇಬರು ಕೇಳಿದಾಗ ಅವನು ನನ್ನ ಹೆಸರು ಹೇಳಲಿಲ್ಲ. "ಅಂಗಿ ಗುಂಡಿ ಹಚ್ಕೊಳ್ಳಾಕ ಬರಲ್ಲ ಅವ್ನಿಗಿ," ಅಂದ ಮುಬಶ್ಶೀರ, "ಇಂಥಾ ಹೊಲಿಗಿ ಹಾಕ್ದೆ ಅಂತಾನ. ಸಾಹೇಬ್ರು ನಂಬಿದ್ರು ನೋಡ್ರಿ." ನಾವಿಬ್ಬರೂ ಸ್ವಲ್ಪ ನಕ್ಕೆವು. ಆಮೇಲೆ ನಗು ಬರಲಿಲ್ಲ.

ಮುಂದಿನ ಚಳಿಗಾಲದಿಂದ ಹೊಸ ಹುಡುಗರಿಗೆ ಕಲಿಸುವ ಉಸ್ತಾದನ ಕೆಲಸ ಅವನಿಗೇ ಎಂದು ನಿಗದಿಯಾಗಿತ್ತಂತೆ. ತನ್ನ ತಲೆಯನ್ನೇ ಕಾಯ್ದುಕೊಳ್ಳದವನ ಕೈಗೆ ಹುಡುಗರನ್ನು ಹೇಗೆ ಕೊಡುವುದು ಎಂದು ಈಗ ತಡೆಹಿಡಿದಿದ್ದಾರೆ. ಏಪ್ರಿಲ್ ಮೊದಲ ವಾರ ತೀರ್ಮಾನ. ಆ ಕೆಲಸವೂ ಹೋದರೆ ಆ ಮಂಜುಗಡ್ಡೆಯ ಹತ್ತಿರ ಅವನು ನಿಲ್ಲುವ ಜಾಗ ಒಂದೂ ಇರುವುದಿಲ್ಲ.

ನಾನು ಸಾಹೇಬರಿಗೆ ನಿಜ ಬರೆದಿದ್ದೇನೆ. ಆದರೆ ತಾಯಿ ಮಗನನ್ನು ಉಳಿಸಲು ಬರೆದದ್ದು ಎಂದೇ ಅವರು ತಿಳಿಯುತ್ತಾರೆ. ನಾನೇ ಆಗಿದ್ದರೂ ಹಾಗೇ ತಿಳಿಯುತ್ತಿದ್ದೆ.

ಆ ಕಾಗದ ಬಂದ ದಿನವೇ ಅವನು ಬರೆದದ್ದು ಸುಳ್ಳೆಂದು ನನಗೆ ತಿಳಿದಿತ್ತು. ನೀನು ಬಾಗಿಲಲ್ಲಿ ನಿಂತಿದ್ದಾಗ ಒಂದು ಮಾತು ಹೇಳಿದ್ದರೆ ಸಾಕಿತ್ತು. ಸೊಸೆಯ ಮುಂದೆ ತಪ್ಪು ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ. ಅವನು ನನಗೆ ಅಡ್ಡ ನಿಂತ, ನಾನು ಅವನ ಹಿಂದೆ ಅಡಗಿ ನಿಂತೆ. ಅರವತ್ತೆರಡು ವರ್ಷಕ್ಕೆ ಇದನ್ನು ಬರೆಯುತ್ತಿದ್ದೇನೆ. ಬಹಳ ಸಾಕಾಗಿದೆ ನನಗೆ. ಬೈಯುವುದಿದ್ದರೆ ನನ್ನನ್ನು ಬೈ, ಎದುರಿಗೆ ನಿಂತು ಬೈ.

ನಿನ್ನ ಅತ್ತೆ
ಗಿರಿಜಾಬಾಯಿ

ತಾ.ಕ.: ಆ ಫೋಮ್ ಒಲೆಗೆ ಹೋಗಿಲ್ಲ. ಬಳಕೆಗೆ ಬರುವುದನ್ನು ಬಿಸಾಡುವ ಕೈ ನನ್ನದಲ್ಲ. ಸಾಬೂನು ಹಾಕಿ ತೊಳೆದು ಒಣಗಿಸಿ, ಗುಡಿಯಾಳ ಗೊಂಬೆಗೆ ಹಾಸಿಗೆ ಹೊಲಿದಿದ್ದೆ. ಅವಳು ಅದನ್ನು ಬಗಲಲ್ಲಿ ಇಟ್ಟುಕೊಂಡೇ ಬಸ್ಸು ಹತ್ತಿದಳು, ನೀನೂ ನೋಡಿದ್ದೀ. ಹಸಿರು ಅಂಚಿನ ಹೊಲಿಗೆ ಬಿಚ್ಚು. ಒಳಗೆ ಅವನ ಆಟದ ನಂಬರು ಇಪ್ಪತ್ತನಾಲ್ಕು ಎಂದು ಅವನದೇ ಕೈಯಲ್ಲಿ ಪೆನ್ನಿನಿಂದ ಬರೆದದ್ದು ಇನ್ನೂ ಅಳಿಸಿಲ್ಲ. ಒಲೆಗೆ ಹಾಕಿದೆ ಎಂದು ಅವನು ಬರೆದುಕೊಟ್ಟದ್ದು ಸುಳ್ಳೆಂದು ಸಾಹೇಬರಿಗೆ ತೋರಿಸಲು ಅದು ಬೇಕು. ಟಪಾಲಿನಲ್ಲಿ ಕಳಿಸಬೇಡ, ನೀನೇ ತಾ. ಗುಡಿಯಾ ಅತ್ತರೆ ಅಳಲಿ, ಸುಮ್ಮನಿರು ಎಂದು ಗದರಬೇಡ. ಗೊಂಬೆಗೆ ಬೇರೆ ಹಾಸಿಗೆ ಹೊಲಿದು ಇಟ್ಟಿದ್ದೇನೆ.