ಮಿಸೆಸ್ ಹಾನ್ ಮನೆಯ ಕಿಮ್ಚಿ

ಅಕ್ಟೋಬರ್ 9, ಗುರುವಾರ
ಇಸ್ತ್ರಿ ಮುಗಿಯಿತು. ನಾಳೆ ಅಡುಗೆ ಇಲ್ಲ — ಮಿಸೆಸ್ ಹಾನ್ ಊಟಕ್ಕೆ ಕರೆದಿದ್ದಾರೆ, ಅಲ್ ಥುಮಾಮಾ ಬಡಾವಣೆಯ ಫ್ಲ್ಯಾಟಿಗೆ. ಆಫೀಸಿನಲ್ಲಿ ನನ್ನ ಸೀನಿಯರ್, ಕೊರಿಯಾದವರು. ಎಲ್ಲ ಹಲಾಲ್ ಎಂದು ಎರಡೆರಡು ಸಲ ಹೇಳಿದರು. ನಮ್ಮವರಿಗೆ ಡ್ಯೂಟಿ. "ಹಾಕಿದ್ದನ್ನು ತಿನ್ನು, ಮುಖ ಹುಳಿ ಮಾಡ್ಬೇಡ ಮಾರಾಯ್ತಿ" ಅಂದರು.

ಅಕ್ಟೋಬರ್ 10, ಸಂಜೆ
ಹೊಟ್ಟೆ ಬಿರಿಯುತ್ತಿದೆ. ಟೇಬಲ್ ತುಂಬ ಪುಟ್ಟ ಪುಟ್ಟ ಬೌಲ್. ಹಿರಿಯರು ಚಮಚ ಎತ್ತುವ ತನಕ ಕಿರಿಯರು ಮುಟ್ಟಬಾರದಂತೆ — ಕಾದೆ. ಲೋಟ ಎರಡೂ ಕೈಯಲ್ಲಿ ತೆಗೆದುಕೊಂಡೆ. ಕಿಮ್ಚಿ ಮಾತ್ರ... ಹುಳಿ ಬಂದ ಕ್ಯಾಬೇಜ್, ಮೂಗಿಗೆ ಹೊಡೆಯುವ ವಾಸನೆ. ಊಟ ಬಿಟ್ಟರೆ ಬರ್ಕತ್, ಅನ್ನದ ಆಶೀರ್ವಾದ, ಹೋಗುತ್ತದೆ ಎಂದು ಚಿಕ್ಕಂದಿನಿಂದ ಉಮ್ಮ ಕಲಿಸಿದ್ದು. ಉಸಿರು ಹಿಡಿದು ಅಗಿಯದೆ ನುಂಗಿದೆ. ಬೌಲ್ ಖಾಲಿ. ಮತ್ತೆ ತುಂಬಿದರು. ನುಂಗಿದೆ. ಮತ್ತೆ. ನಾಲ್ಕನೇ ಸಲ ನೀಲಿ ಮುಚ್ಚಳದ ಡಬ್ಬದ ತಳ ಕೆರೆದು ಹಾಕಿದರು. ಇಷ್ಟ ಆಯ್ತಾ ಎಂದು ಕೇಳಿದರು. ಸೂಪರ್ ಅಂದೆ. ಮರ್ಯಾದೆ ಉಳಿಸಿಕೊಂಡು ಬಂದೆ.

ಅಕ್ಟೋಬರ್ 12
ಮಿಸೆಸ್ ಹಾನ್ ಪಕ್ಕದ ಸೀಟಿನ ಫರ್ಝಾನಾ ಆಫೀಸಿನ ಪ್ಯಾಂಟ್ರಿಯಲ್ಲಿ ಹಿಡಿದಳು. ಊಟದ ಕತೆ ಹೇಳಿದೆ.
"ನೀಲಿ ಮುಚ್ಚಳದ ಡಬ್ಬದ್ದಾ? ಪೂರ್ತಿ ತಿಂದ್ಯಾ? ಅಸೀಫಾ, ಅದು ಅವರ ಅಮ್ಮ ಮಾಡಿದ್ದು. ಮಾರ್ಚಿನಲ್ಲಿ ತೀರಿಹೋದ್ರಲ್ಲ. ಕಡೇ ಡಬ್ಬ. ವಾರಕ್ಕೆ ಒಂದೇ ಚೂರು ತಿಂತಿದ್ರು."
ಅವರಲ್ಲಿ ಬೌಲ್ ಖಾಲಿಯಾದರೆ ಇನ್ನೂ ಬೇಕು ಅಂತ ಅರ್ಥವಂತೆ. ಸಾಕಾದರೆ ಸ್ವಲ್ಪ ಬಿಡಬೇಕಂತೆ.
ತಿಂದದ್ದು ಒಂದು. ರುಚಿ ಸಹ ನೋಡದೆ ತಿಂದದ್ದು... ನನ್ನ ಮೇಲೆ ನನಗೇ ಹೇಸಿಗೆ.

ಅಕ್ಟೋಬರ್ 14
ಕಾರಿಡಾರಿನಲ್ಲಿ ಎದುರು ಬಂದರು. ಬಾತ್‌ರೂಮಿಗೆ ನುಗ್ಗಿದೆ. ಕಳ್ಳಿ.

ಅಕ್ಟೋಬರ್ 21
ಕೊನೆಗೂ ಸಾರಿ ಹೇಳಿದೆ. ಕೈ ಹಿಡಿದುಕೊಂಡರು. "ನೀನು ಅಷ್ಟು ಆಸೆಯಿಂದ ತಿಂದೆ. ಅಮ್ಮ ಇದ್ದಿದ್ರೆ ಎಷ್ಟು ಖುಷಿಪಡ್ತಿದ್ರು."
ಇಷ್ಟವಾಗಿರಲಿಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ —
"ನಾನೇ ಮಾಡಿ ನೋಡ್ತೇನೆ, ಮೂರು ಅಳತೆಯಲ್ಲಿ. ಯಾವುದು ಅಮ್ಮನದು ಅಂತ ನೀನು ಹೇಳ್ಬೇಕು. ನನ್ನ ನಾಲಿಗೆ ನಂಬುವ ಹಾಗಿಲ್ಲ, ಈಗ ಎಲ್ಲವೂ ಅಮ್ಮನದೇ ಅನಿಸ್ತದೆ. ಆ ರುಚಿ ಗೊತ್ತಿರುವವಳು ಇಲ್ಲಿ ನೀನೊಬ್ಬಳೇ."
ಹೂಂ ಅಂದುಬಿಟ್ಟೆ.

ನವೆಂಬರ್ 7, ಶುಕ್ರವಾರ
ಮೂರು ಬೌಲ್. ಒಂದೊಂದನ್ನೂ ನಿಧಾನಕ್ಕೆ ಅಗಿದೆ. ಏನೂ ನೆನಪಾಗಲಿಲ್ಲ. ಅವತ್ತು ಅಗಿದಿದ್ದರಲ್ಲವೇ ನೆನಪು. ಮಿಸೆಸ್ ಹಾನ್ ತಮ್ಮ ಚಮಚ ಮುಟ್ಟದೆ ನನ್ನ ಮುಖವನ್ನೇ ನೋಡುತ್ತಿದ್ದರು. ಗೊತ್ತಿಲ್ಲ ಎನ್ನಬೇಕಿತ್ತು. ಧೈರ್ಯ ಬರಲಿಲ್ಲ.
ನಡುವಿನದಕ್ಕೆ ವಾಸನೆ ಕಮ್ಮಿ ಇತ್ತು. ಅದನ್ನು ತೋರಿಸಿದೆ. ಇದೇ ಅಂದೆ.
ಅತ್ತರು. ಆಮೇಲೆ ಪುಸ್ತಕ ತೆಗೆದು ಆ ಅಳತೆ ಬರೆದುಕೊಂಡರು, ಮೇಲೆ ಅಮ್ಮನ ಹೆಸರು ಹಾಕಿ. ಕೊರಿಯಾದಲ್ಲಿರುವ ಮಗಳಿಗೆ ಫೋನ್ ಮಾಡಿ ಹೇಳಿದರು, ಅಜ್ಜಿಯ ಕಿಮ್ಚಿ ಸಿಕ್ಕಿತು ಎಂದು.
ಅಜ್ಜಿಯದಲ್ಲ. ನನಗೆ ನುಂಗಲು ಸುಲಭವಾದದ್ದು.
ನಾಳೆ ಹೋಗಿ ಹೇಳಿಬಿಡಬೇಕು. ಆದರೆ ಹೇಳಿದರೆ ಅವರ ಹತ್ತಿರ ಅಮ್ಮನದು ಅಂತ ಏನು ಉಳಿಯುತ್ತದೆ?