ಬಾಗಿಲಿಗೆ ಅಡ್ಡ ಕೂತ ಮಾಸು

ಮಂಗಳವಾರ, ಮಧ್ಯಾಹ್ನ
ಹೆರಿಗೆ ವಾರ್ಡು

ಅಮ್ಮ,

ನಿನ್ನ ಚಿಕ್ಕ ಮಗಳ ನಮಸ್ಕಾರ. ಮಲಗಿಕೊಂಡೇ ಮಾಡಿದ ನಮಸ್ಕಾರ ಇದು, ಬಗ್ಗಲಿಕ್ಕೆ ಹೊಲಿಗೆ ಇನ್ನೂ ಬಿಡುತ್ತಿಲ್ಲ. ಫೋನಿನಲ್ಲಿ ನಿನಗೆ ಕೇಳಿಸುವುದಿಲ್ಲ. ಅಣ್ಣನ ಬಾಯಲ್ಲಿ ಹೇಳಿಸಿದರೆ ಎಲ್ಲವೂ 'ಚೆನ್ನಾಗಿದ್ದಾಳಂತೆ' ಅನ್ನುವ ಒಂದು ಮಾತಿಗೆ ಇಳಿದುಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡಕ ಹಾಕಿಕೊಂಡು ನೀನೇ ಓದು.

ಮೊದಲು ನಿನ್ನ ಮೊಮ್ಮಗನ ಸುದ್ದಿ. ನಿನ್ನೆಯಿಂದ ಯಂತ್ರದ ಸಹಾಯವಿಲ್ಲದೆ ತಾನೇ ಉಸಿರಾಡುತ್ತಿದ್ದಾನೆ. ಬೆಚ್ಚಗಿನ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದಾರೆ. ಅಂಗೈ ಅಗಲ ಬೆನ್ನು. ಮೂಗು ಮಾತ್ರ ನಿನ್ನದೇ, ಪಾಪ.

ಐದನೇ ತಿಂಗಳ ಸ್ಕ್ಯಾನಿನಲ್ಲೇ ಡಾಕ್ಟರಮ್ಮ ಹೇಳಿದ್ದರು, ಒಳಗೆ ಮಗುವಿಗೆ ಆಹಾರ ಕೊಡುವ ಮಾಸು ಕೆಳಗಿದೆ ಅಂತ. ಮೇಲೆಲ್ಲೋ ಅಂಟಿಕೊಂಡಿರಬೇಕಾದದ್ದು ನನ್ನಲ್ಲಿ ಮಗು ಹೊರಗೆ ಬರುವ ದಾರಿಗೇ ಅಡ್ಡ ಕೂತಿತ್ತು. ನಾನು ಓಡಿಸುವ ಬಸ್ಸಿನ ಕಂಡಕ್ಟರಮ್ಮನಿಗೆ ಹೇಳಿದಾಗ ಅವಳು, ಗೊತ್ತಾಯ್ತು ಬಿಡು, ಎಷ್ಟು ಕೂಗಿದರೂ ಒಳಗೆ ಹೋಗದೆ ಬಾಗಿಲಲ್ಲೇ ನಿಲ್ಲೋ ಪ್ಯಾಸೆಂಜರ್ ಅದು, ಅಂದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಹೊಟ್ಟೆ ಬೆಳೆದ ಹಾಗೆ ಬಹಳ ಜನಕ್ಕೆ ಅದು ತಾನಾಗಿ ಮೇಲೆ ಸರಿಯುತ್ತದೆ, ಸದ್ಯಕ್ಕೆ ಕೆಲಸ ಮಾಡಬಹುದು, ರಕ್ತ ಕಂಡರೆ ಮಾತ್ರ ಕಾಯದೆ ಬಂದುಬಿಡು ಅಂತ ಡಾಕ್ಟರಮ್ಮ ಹೇಳಿದ್ದರು. ನಿನಗೆ ಆಗ ತಿಳಿಸಲಿಲ್ಲ. ಸರಿದುಹೋಗುವುದಕ್ಕೆ ನಿನ್ನ ನಿದ್ದೆ ಯಾಕೆ ಕೆಡಿಸಲಿ ಅಂದುಕೊಂಡೆ.

ಸರಿಯಲಿಲ್ಲ. ಮುಂದಿನ ವಾರದಿಂದ ಡಿಪೋದಲ್ಲಿ ಕೂತು ಮಾಡುವ ಕೆಲಸ ಕೊಡುತ್ತೇನೆ ಅಂತ ಮ್ಯಾನೇಜರು ಒಪ್ಪಿದ್ದರು. ಅಷ್ಟರಲ್ಲೇ ಒಂದು ದಿನ, ಮಾರ್ಕೆಟ್ ಸ್ಟಾಪಿನಲ್ಲಿ ಜನ ಹತ್ತುತ್ತಿರುವಾಗ ಸೀಟು ಒದ್ದೆಯಾದ ಹಾಗಾಯಿತು. ನೋವಿಲ್ಲ, ಸಂಕಟವಿಲ್ಲ. ನೋಡಿದರೆ ಬರೀ ಕೆಂಪು. ನೋವಾದರೆ ಅಯ್ಯೋ ಅಂತಾದರೂ ಅನ್ನಬಹುದು. ಹ್ಯಾಂಡ್ ಬ್ರೇಕ್ ಎಳೆದು, ಇಂಜಿನ್ ಆರಿಸಿ ಕಂಡಕ್ಟರಮ್ಮನನ್ನು ಕರೆದೆ. ಅವಳು ಒಂದೇ ಸಲ ನೋಡಿ, ಬಸ್ಸು ಕೆಟ್ಟಿದೆ, ಎಲ್ಲರೂ ಇಳೀರಿ ಅಂದಳು. ಒಬ್ಬ ಯಜಮಾನರು, ಈಗ ತಾನೆ ಚೆನ್ನಾಗಿ ಬಂತಲ್ಲ ಅಂತ ಜಗಳಕ್ಕೆ ನಿಂತರು. ನನ್ನನ್ನು ಇಳಿಸುವುದನ್ನು ನೋಡಿದ ಮೇಲೆ ಟ್ಯಾಕ್ಸಿ ನಿಲ್ಲಿಸಲಿಕ್ಕೆ ರಸ್ತೆಗೆ ಓಡಿದವರೂ ಅವರೇ.

ಆಮೇಲೆ ಇದೇ ವಾರ್ಡು. ಆ ಸಲ ರಕ್ತ ತಾನಾಗಿ ನಿಂತಿತು, ಆದರೆ ಮನೆಗೆ ಕಳಿಸಲಿಲ್ಲ. ಭಾರ ಎತ್ತಬೇಡ, ಓಡಾಡಬೇಡ, ಮಲಗಿರು. ಅಮ್ಮ, ದಿನವಿಡೀ ಟ್ರಾಫಿಕ್ಕಿನಲ್ಲಿ ಸ್ಟೇರಿಂಗ್ ತಿರುಗಿಸಿದರೂ ನನಗೆ ಇಷ್ಟು ದಣಿವಾಗಿರಲಿಲ್ಲ. ಬಚ್ಚಲಿಗೆ ಹೋಗುವಾಗಲೆಲ್ಲ ಜೀವ ಕೈಯಲ್ಲಿ ಹಿಡಿದುಕೊಂಡು ಹೋಗುವುದು, ಬಟ್ಟೆ ನೋಡಿಕೊಳ್ಳುವುದು, ಬಿಳಿ ಇದ್ದರೆ ಮತ್ತೆ ಬಂದು ಮಲಗುವುದು. ಇವರು ಎಲ್ಲೆಲ್ಲಿಯದೋ ಲಿಫ್ಟು ರಿಪೇರಿ ಮಾಡಿ, ಗ್ರೀಸಿನ ಕೈ ತೊಳೆದುಕೊಂಡು ಬುತ್ತಿ ತರುತ್ತಿದ್ದರು. ಉಪ್ಪಿದ್ದರೆ ಖಾರವಿಲ್ಲ, ಖಾರವಿದ್ದರೆ ಉಪ್ಪಿಲ್ಲ. ಚೆನ್ನಾಗಿದೆ ಅಂತ ನಾನು ಹೇಳುವಷ್ಟರಲ್ಲಿ ಅವರು ಸ್ಟೂಲಿನ ಮೇಲೆ, ಗೋಡೆಗೆ ತಲೆ ಕೊಟ್ಟು ನಿದ್ದೆಹೋಗಿರುತ್ತಿದ್ದರು.

ಎಂಟನೇ ತಿಂಗಳು ತುಂಬುವ ಮೊದಲೇ ಮತ್ತೆ ಶುರುವಾಯಿತು. ಈ ಸಲ ನಿಲ್ಲಲಿಲ್ಲ. ಹಾಸಿಗೆ ಸಮೇತ ತಳ್ಳಿಕೊಂಡು ಹೊರಟರು. ಲಿಫ್ಟಿನೊಳಗೆ ಇವರು ನನ್ನ ಕಾಲು ಹಿಡಿದುಕೊಂಡು ನಿಂತಿದ್ದರು. ಏನಾದರೂ ಧೈರ್ಯ ಹೇಳುತ್ತಾರೆ ಅಂತ ಕಾದೆ. ಈ ಲಿಫ್ಟಿನ ರೋಪು ಗಟ್ಟಿಯಾಗಿದೆ, ಹೆದರಬೇಡ ಅಂದರು. ಪಾಪ, ಅವರಿಗೆ ಖಾತ್ರಿಯಾಗಿ ಗೊತ್ತಿದ್ದದ್ದು ಅದೊಂದೇ.

ಆಪರೇಷನ್ ಡಾಕ್ಟರಮ್ಮ ಹೇಳಿದ್ದಕ್ಕಿಂತ ತುಂಬ ಹೊತ್ತು ಹಿಡಿಯಿತಂತೆ. ರಕ್ತ ಕೊಡಲಿಕ್ಕೆ ಕಂಡಕ್ಟರಮ್ಮ ಡಿಪೋದ ಡ್ರೈವರುಗಳನ್ನೆಲ್ಲ ಕರೆದುಕೊಂಡು ಬಂದಿದ್ದಳಂತೆ. ಈಗ ನನ್ನ ಮೈಯಲ್ಲಿ ಅರ್ಧ ಊರಿನ ರಕ್ತ ಇದೆ. ಮುಂದೆ ನಾನು ಜಗಳವಾಡಿದರೆ ಅದು ಯಾವ ಡ್ರೈವರನ ಸಿಟ್ಟೋ ಅಂತ ಇವರು ತಮಾಷೆ ಮಾಡುತ್ತಾರೆ. ತಮಾಷೆ ಮಾಡಿ ಕಿಟಕಿಯ ಕಡೆ ತಿರುಗುತ್ತಾರೆ.

ನನಗೆ ಸುಸ್ತು ಅಮ್ಮ. ಇನ್ನೇನೂ ಇಲ್ಲ, ಸುಸ್ತು ಅಷ್ಟೇ. ಹಾಲು ಹಿಂಡಿ ನರ್ಸಿನ ಕೈಗೆ ಕೊಡುತ್ತೇನೆ, ಮಗುವಿಗೆ ನಳಿಕೆಯಲ್ಲಿ ಹಾಕುತ್ತಾರೆ. ಸಂಜೆ ಗಾಲಿಕುರ್ಚಿಯಲ್ಲಿ ಕರೆದುಕೊಂಡು ಹೋಗುತ್ತಾರೆ. ಪೆಟ್ಟಿಗೆಯ ತೂತಿನಲ್ಲಿ ಕೈ ಹಾಕಿದರೆ ನನ್ನ ಬೆರಳು ಹಿಡಿದುಕೊಳ್ಳುತ್ತಾನೆ. ಬಿಡಿಸಿಕೊಂಡು ಬರುವುದೇ ಕಷ್ಟ.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಅಣ್ಣ ಅತ್ತಿಗೆಗೆ ನನ್ನ ನೆನಪು ಹೇಳು.

ನಿನ್ನ ಮಡಿಲಿಗೆ ಇನ್ನೂ ದೊಡ್ಡವಳಾಗದ,
ಚಿಕ್ಕವಳು

ತಾ.ಕ.: ಮುಂದಿನದು ಹೆಣ್ಣಾಗಲಿ, ಇವನಿಗೊಂದು ಜೊತೆ ಬೇಕು ಅಂತ ನೀನು ಹೇಳಿದೆಯಂತೆ, ಅಣ್ಣ ಫೋನಿನಲ್ಲಿ ಹೇಳಿದ. ಆಗ ಹೂಂ ಅಂದೆ. ಆಪರೇಷನ್ ಯಾಕೆ ಅಷ್ಟು ಹೊತ್ತು ಹಿಡಿಯಿತು ಅಂತ ಮೇಲೆ ಬರೆಯಲಿಲ್ಲ. ಮಾಸು ಕಿತ್ತುಬಂದ ಜಾಗದಲ್ಲಿ ಏನು ಮಾಡಿದರೂ ರಕ್ತ ನಿಲ್ಲಲಿಲ್ಲವಂತೆ. ಡಾಕ್ಟರಮ್ಮ ಹೊರಗೆ ಬಂದು ಇವರನ್ನು ಕೇಳಿ, ಗರ್ಭಕೋಶವನ್ನೇ ತೆಗೆದರು. ಸಹಿ ಹಾಕಿದವರು ಇವರು. ತಾವು ಏನೋ ತಪ್ಪು ಮಾಡಿದ ಹಾಗೆ ನನ್ನ ಮುಖ ನೋಡುತ್ತಾರೆ, ಅದಕ್ಕೇ ಅವರ ಮುಂದೆ ನಾನು ನಗುತ್ತಲೇ ಇದ್ದೇನೆ. ಅಣ್ಣನಿಗೆ ಹೇಳಬೇಡ. ಬಂದಾಗ ನೀನೂ ಆ ಮಾತು ಎತ್ತಬೇಡ, ಸಮಾಧಾನವನ್ನೂ ಹೇಳಬೇಡ. ಇವರು ಕೆಲಸಕ್ಕೆ ಹೋಗಿರುವ ಹೊತ್ತು ನೋಡಿಕೊಂಡು ಬಾ. ಒಂದು ಸಲ ಅತ್ತುಬಿಡುತ್ತೇನೆ.